ಬಲಗಡೆಯ ಕಂಬ

ಲೈಸೆನ್ಸು ಕೈಗೆ ಬಂದು ಹನ್ನೊಂದು ದಿನವಾಗಿದ್ದರೂ ಅವಳು ಬೆಳಗ್ಗೆ ಆರೂವರೆಗೆ ಬೀದಿಯ ತುದಿಗೆ ಹೋಗಿ, ತಲೆಯ ಮೇಲೆ ಕೆಂಪು ಬೋರ್ಡು ಹೊತ್ತ ಡ್ರೈವಿಂಗ್ ಸ್ಕೂಲಿನ ಕಾರಿಗೆ ಕಾಯುತ್ತ ನಿಲ್ಲುವುದನ್ನು ಬಿಟ್ಟಿರಲಿಲ್ಲ. ಕಂಕುಳಲ್ಲಿ ಒಂದು ದಿಂಬು. ಮನೆಯ ಬೆತ್ತದ ಕುರ್ಚಿಯ ಮೇಲಿನ ಹಸಿರು ದಿಂಬು ಅದು. ಬೆನ್ನ ಹಿಂದೆ ಅದನ್ನು ತುರುಕಿಕೊಂಡು ಕೂರದಿದ್ದರೆ ಅವಳ ಕಾಲು ಕ್ಲಚ್ಚಿನ ತಳ ಮುಟ್ಟುತ್ತಿರಲಿಲ್ಲ. ನಲವತ್ತೇಳು ವರ್ಷದ ಹೆಂಗಸು ಬೆಳ್ಳಂಬೆಳಗ್ಗೆ ದಿಂಬು ಹಿಡಿದು ಬೀದಿಯಲ್ಲಿ ನಿಂತರೆ ನೋಡಿದವರು ಏನೆಂದುಕೊಂಡಾರು ಎಂದು ಮೊದಮೊದಲು ಅದನ್ನು ಚೀಲದಲ್ಲಿ ಅಡಗಿಸಿಕೊಂಡು ಹೋಗುತ್ತಿದ್ದಳು. ಒಂದು ವಾರ ಕಳೆದ ಮೇಲೆ ಚೀಲ ಬಿಟ್ಟುಹೋಯಿತು. ನೋಡುವವರು ಯಾರೂ ಇರಲಿಲ್ಲ ಎಂಬುದು ಅವಳಿಗೆ ಸ್ವಲ್ಪ ಬೇಸರವನ್ನೇ ತಂದಿತ್ತು. ಹಾಲಿನವನು ಒಬ್ಬ ಸೈಕಲ್ ನಿಧಾನ ಮಾಡಿ ದಿಂಬು ನೋಡುತ್ತಿದ್ದ, ಅವಳನ್ನಲ್ಲ. ನಿನ್ನೆ ಊಟಕ್ಕೆ ಕೂತಾಗ ಅತ್ತಿಗೆ, ತಟ್ಟೆಯಿಂದ ಕಣ್ಣೆತ್ತದೆ, "ನಾಳೆಯಿಂದ ಬಾಡಿಗೆ ಡ್ರೈವರಿಗೆ ಬರಬೇಡ ಅಂದಿದ್ದೀನಿ. ಲೈಸೆನ್ಸ್ ಬಂದಿದೆಯಲ್ಲ, ಸಂಜೆ ಮಾತು ಕಲಿಸೋ ಡಾಕ್ಟರಮ್ಮನ ಹತ್ರ ಅಣ್ಣನ್ನ ನೀನೇ ಕರ್ಕೊಂಡು ಹೋಗು" ಎಂದಿದ್ದಳು. ಅವಳು ಹೂಂ ಎಂದಿದ್ದಳು. ಎಡಗೈಯಲ್ಲಿ ಚಮಚ ಹಿಡಿದು ಕೂತಿದ್ದ ಅಣ್ಣ, "ಅದೇ, ಅದೇ" ಎಂದಿದ್ದ. ಎಂಟು ತಿಂಗಳಿಂದ ಅವನ ಬಾಯಲ್ಲಿ ಉಳಿದದ್ದು ಅದೊಂದೇ ಮಾತು. ಹಸಿವಾದರೂ ಅದೇ, ಸಾಕಾದರೂ ಅದೇ, ಫ್ಯಾನು ನಿಲ್ಲಿಸು ಎಂದರೂ ಅದೇ.

ಕಾರು ಬಂತು. ಅವಳಿಗಿಂತ ಮುಂಚಿನ ಪಾಳಿಯ ಹುಡುಗಿ ಇಳಿದು ಹಿಂದಿನ ಸೀಟಿಗೆ ಹೋಗಿ ಫೋನು ತೆಗೆದಳು. ಹದಿನೆಂಟು ವರ್ಷ, ನಾಲ್ಕೇ ದಿನದಲ್ಲಿ ಕಲಿತು, ಈಗ ಹೂವಿನ ಮೇಲೆ ಕೈಯಾಡಿಸುವ ಹಾಗೆ ಗೇರು ಬದಲಿಸುತ್ತಾಳೆ. ಮೇಷ್ಟರು ಎಡಗಡೆಯ ಸೀಟಿನಲ್ಲಿ ಎಂದಿನಂತೆ ಕಿಟಕಿಗೆ ಮೊಣಕೈ ಕೊಟ್ಟು ಕೂತಿದ್ದರು. ಮೊದಲು ಎಲ್ಲೋ ಸಿಮೆಂಟಿನ ಲಾರಿ ಓಡಿಸುತ್ತಿದ್ದವರಂತೆ. ನಗುವುದು ಕಡಿಮೆ, ನಗಿಸುವುದು ಜಾಸ್ತಿ.

"ಮೇಡಂ, ಪಾಸಾದ ಮೇಲೂ ಅದೇ ಕ್ಲಾಸಿಗೆ ಬಂದು ಕೂರೋರನ್ನ ನಾನು ಕಂಡಿದ್ದು ನಿಮ್ಮೊಬ್ಬರನ್ನೇ."

"ಇನ್ನೂ ಧೈರ್ಯ ಬಂದಿಲ್ಲ ಮೇಷ್ಟ್ರೇ."

"ಧೈರ್ಯ ನಮ್ಮ ಸ್ಕೂಲಲ್ಲಿ ಹೇಳ್ಕೊಡಲ್ಲ. ಗೇರು, ಕ್ಲಚ್ಚು, ರಿವರ್ಸು, ಅಷ್ಟೇ. ಹೊರಡಿ. ಸ್ಟೀರಿಂಗ್ ಹಿಡ್ಕೊಳ್ಳಿ ಅಂದ್ರೆ ನೇತಾಡೋದಲ್ಲ, ಅದು ಬಸ್ಸಿನ ಕಂಬಿ ಅಲ್ಲ."

ಹಿಂದಿನಿಂದ ಹುಡುಗಿ ಕಿಸಕ್ಕೆಂದಳು. ಫೋನು ನೋಡಿ ನಕ್ಕಿರಬಹುದು ಎಂದು ಅವಳು ತನಗೆ ತಾನೇ ಹೇಳಿಕೊಂಡು ಮೊದಲನೇ ಗೇರು ಹಾಕಿದಳು. ಆ ಕಾರಿನಲ್ಲಿ ಮೇಷ್ಟರ ಕಾಲಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಮೊದಲ ವಾರವಿಡೀ, ಅಡ್ಡ ಬಂದ ನಾಯಿಗೆ, ಎದುರಿನ ನೀರಿನ ಟ್ಯಾಂಕರಿಗೆ, ಸಿಗ್ನಲಿಗೆ, ತಾನೇ ಕಾರು ನಿಲ್ಲಿಸುತ್ತಿದ್ದೇನೆ ಎಂದು ಅವಳು ನಂಬಿದ್ದಳು. ಮನೆಗೆ ಬಂದು ಅತ್ತಿಗೆಯ ಹತ್ತಿರ, "ನಂಗೆ ಬ್ರೇಕು ಚೆನ್ನಾಗಿ ಬರುತ್ತೆ ಅತ್ತಿಗೆ" ಎಂದು ಜಂಬವನ್ನೂ ಕೊಚ್ಚಿದ್ದಳು. ಎಂಟನೆಯ ದಿನ ಯಾಕೋ ಕೆಳಗೆ ನೋಡಿದಾಗ ಮೇಷ್ಟರ ಹವಾಯಿ ಚಪ್ಪಲಿಯ ಕಾಲು ತನ್ನಷ್ಟಕ್ಕೆ ತಾನು, ಹೊಲಿಗೆ ಯಂತ್ರ ತುಳಿಯುವ ಅತ್ತಿಗೆಯ ಕಾಲಿನ ಹಾಗೆ, ಮೇಲೆ ಕೆಳಗೆ ಆಡುತ್ತಿತ್ತು. ಮುಖ ಮಾತ್ರ ಕಿಟಕಿಯ ಹೊರಗೆ. ಅವಮಾನವಾಯಿತು. ಆದರೆ ಅವಮಾನದ ಅಡಿಯಲ್ಲಿ ಬೇರೆ ಏನೋ ಇತ್ತು. ಅದಕ್ಕೆ ಹೆಸರಿಡಲು ಅವಳಿಗೆ ಬಹಳ ದಿನ ಹಿಡಿಯಿತು. ತನ್ನ ತಪ್ಪು ಆಗುವ ಮುಂಚೆಯೇ ಅದನ್ನು ಕಂಡು, ಬೈಯದೆ, ಯಾರಿಗೂ ಹೇಳದೆ, ಒಂದು ಕಾಲು ಅದನ್ನು ನಿಲ್ಲಿಸುತ್ತಿತ್ತು. ಇಡೀ ದಿನದಲ್ಲಿ ಅರ್ಧ ಗಂಟೆ ಮಾತ್ರ ಅವಳು ಅಂಥ ಜಾಗದಲ್ಲಿ ಕೂತಿರುತ್ತಿದ್ದಳು. ಲೈಸೆನ್ಸು ಬಂದ ಮಾತ್ರಕ್ಕೆ ಅದನ್ನು ಬಿಡುವುದು ಹೇಗೆ?

ದೊಡ್ಡ ರಸ್ತೆಗೆ ಬಂದು ಮೂರನೇ ಗೇರು ಬಿತ್ತು. ಒಂದು ಬಸ್ಸು ಹಿಂದೆ ಹಾರ್ನು ಹೊಡೆದು ಪಕ್ಕದಲ್ಲಿ ಹಾದುಹೋಯಿತು, ಅವಳು ಸಹಿಸಿಕೊಂಡಳು. ಮುಂದೆ ಒಬ್ಬ ತಳ್ಳುಗಾಡಿಯವನು ರಸ್ತೆ ದಾಟಲು ಹೊರಟು, ಮನಸ್ಸು ಬದಲಿಸಿ, ಮತ್ತೆ ಹೊರಟ. ಅವಳು ನಿಧಾನ ಮಾಡಿದಳು, ನಿಲ್ಲಿಸಿದಳು, ಹೊರಟಳು.

"ಮೇಡಂ, ಸ್ವಲ್ಪ ಈ ಕಡೆ ನೋಡಿ" ಎಂದರು ಮೇಷ್ಟರು.

ನೋಡಿದಳು. ಅವರು ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು, ಮದುವೆ ಊಟಕ್ಕೆ ಕೂತವರ ಹಾಗೆ ಕೂತಿದ್ದರು. ಚಪ್ಪಲಿ ಕೆಳಗೆ ಖಾಲಿಯಾಗಿ ಬಿದ್ದಿತ್ತು.

"ನೀವು ಗಾಡಿ ಎತ್ತಿದಾಗಿಂದ ಹೀಗೇ ಕೂತಿದ್ದೀನಿ. ಹೋದ ಮಂಗಳವಾರದಿಂದ ನಾನು ಪೆಡಲ್ ಮುಟ್ಟಿಲ್ಲ. ಇಷ್ಟು ದಿನ ಓಡಿಸ್ತಾ ಇರೋದು ನೀವೇ."

ಆ ಕ್ಷಣ ಅವಳ ಎರಡೂ ಕಾಲು ಏನು ಮಾಡಬೇಕೆಂಬುದನ್ನು ಮರೆತವು. ಕಾರು ಎರಡು ಸಲ ಕುಪ್ಪಳಿಸಿ ನಡುರಸ್ತೆಯಲ್ಲಿ ಸತ್ತಿತು. ಹಿಂದಿನ ಸೀಟಿನ ಹುಡುಗಿಯ ಫೋನು ಕೆಳಗೆ ಬಿತ್ತು. ಸುತ್ತಲೂ ಹಾರ್ನು. ಮೇಷ್ಟರು ಕಾಲು ಇಳಿಸಲಿಲ್ಲ. "ನೋಡಿದ್ರಾ, ನಾನು ಇಲ್ಲ ಅಂತ ಗೊತ್ತಾಗಿದ್ದಕ್ಕೆ ಆಫ್ ಆಯ್ತು. ಗೊತ್ತಿಲ್ಲದಾಗ ಚೆನ್ನಾಗೇ ಹೋಗ್ತಿತ್ತು. ಕೀ ತಿರುಗಿಸಿ" ಎಂದರು. ಆಮೇಲೆ ದನಿ ತಗ್ಗಿಸಿ, "ನಾಳೆಯಿಂದ ಬರಬೇಡಿ ಮೇಡಂ. ಬೇಡ ಅಂತ ಅಲ್ಲ. ಇನ್ನು ಬಂದರೆ ಕೆಟ್ಟುಹೋಗ್ತೀರಿ" ಎಂದರು.

ಬಲಗಡೆಯ ವಿಷಯವನ್ನು ಅವಳಿಗೆ ಹೇಳಿಕೊಟ್ಟವರೂ ಈ ಮೇಷ್ಟರೇ. ಆರನೇ ದಿನವೋ ಏಳನೇ ದಿನವೋ. ಗ್ಯಾರೇಜಿನ ಮುಂದೆ ಚಾಲಕನ ಬದಿಯ ಬಾಗಿಲು ಉದ್ದಕ್ಕೂ ಕೆರೆದುಹೋಗಿದ್ದ ಒಂದು ಕಾರು ನಿಂತಿತ್ತು. "ಇದನ್ನ ನೋಡಿ" ಎಂದಿದ್ದರು. "ಹೊಸಬರು, ಹಳಬರು, ಯಾರೇ ಆಗಲಿ, ಉಜ್ಜೋದು ಎಡಗಡೆ. ದೂರದ ಬದಿ ಅಲ್ವಾ, ಅಂದಾಜು ಸಿಗಲ್ಲ. ತಾನು ಕೂತ ಬದಿ, ಕಣ್ಣ ಪಕ್ಕದ್ದನ್ನ, ಯಾರೂ ಗೋಡೆಗೆ ಉಜ್ಜಲ್ಲ. ಉಜ್ಜಿದ ಅಂದ್ರೆ ಕುಡಿದಿರಬೇಕು, ಇಲ್ಲಾ ನಿದ್ದೆ ಬಂದಿರಬೇಕು, ಇಲ್ಲಾ ಅವನಿಗೆ ಏನೋ ಆಗಿರಬೇಕು." ಅವಳು ಆವತ್ತು ಸುಮ್ಮನೆ ತಲೆಯಾಡಿಸಿ ಎರಡನೇ ಗೇರಿನ ಬದಲು ನಾಲ್ಕನೇ ಗೇರು ಹಾಕಿ ಬೈಸಿಕೊಂಡಿದ್ದಳು. ಕಲಿಯಬೇಕೆಂದು ಬಂದದ್ದು ಒಂದು, ಕಲಿತದ್ದು ಇನ್ನೊಂದು. ಅಲ್ಲಿಯವರೆಗೆ ಅವಳ ಎದೆಯಲ್ಲಿದ್ದದ್ದು ಬರೀ ಒಂದು ಇರಿಸುಮುರಿಸು. ಅದಕ್ಕೆ ಕೈಕಾಲು ಮೂಡಿದ್ದು ಆ ಗ್ಯಾರೇಜಿನ ಮುಂದೆ. ಎಂಟು ತಿಂಗಳ ಹಿಂದಿನ ಆ ಬೆಳಗ್ಗೆ ಅಣ್ಣ ಗೇಟು ದಾಟಿಸುವಾಗ ಕಂಬಕ್ಕೆ ಉಜ್ಜಿದ್ದು ಬಲಗಡೆ.

ಇಪ್ಪತ್ತೆರಡು ವರ್ಷ ಒಂದೇ ಗೇಟು, ಒಂದೇ ಕಂಬ. ಇಪ್ಪತ್ತೆರಡು ವರ್ಷವೂ ಅಣ್ಣ ಅವಳನ್ನು ಕನ್ನಡಕದ ಅಂಗಡಿಯ ಮುಂದೆ ಇಳಿಸಿ ತನ್ನ ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಏಳಕ್ಕೆ ಬಂದು ಹತ್ತಿಸಿಕೊಳ್ಳುತ್ತಿದ್ದ. ನಾನೂ ಕಲೀತೀನಿ ಎಂದು ಅವಳು ಅಂದಾಗಲೆಲ್ಲ, "ನಿನ್ನ ಕಾಲು ಎಟುಕಲ್ಲ ಮೋಟು. ನೀನು ಓಡಿಸಿದ್ರೆ ರಸ್ತೆ ಮೇಲಿನವರಿಗೆ ಡ್ರೈವರ್ ಇಲ್ಲದ ಕಾರು ಬಂದ ಹಾಗೆ ಕಾಣುತ್ತೆ" ಎನ್ನುತ್ತಿದ್ದ. ಅವಳಿಗೆ ಸಿಟ್ಟು ಬರುತ್ತಿತ್ತು, ಸಮಾಧಾನವೂ ಆಗುತ್ತಿತ್ತು. ಆವತ್ತು ಉಜ್ಜಿದ ಸದ್ದಿಗೆ ಅಣ್ಣ ಬ್ರೇಕು ಹಾಕಿ ಎಡಕ್ಕೆ, ಅವಳ ಕಡೆಗೆ ನೋಡಿದ. ಸದ್ದು ಬಂದದ್ದು ಬಲದಿಂದ. "ಈ ಕಡೆ ಏನು ನೋಡ್ತೀಯ, ಆ ಕಡೆ" ಎಂದಳು. ಅವನು ಅವಳ ತೊಡೆಯ ಮೇಲಿದ್ದ ನೀರಿನ ಬಾಟಲಿಯತ್ತ ಎಡಗೈ ಚಾಚಿ, "ಆ ಛತ್ರಿ ಕೊಡು" ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ. "ಇಷ್ಟು ಬೇಗ ಅರಳುಮರಳಾ ಅಣ್ಣ?" ಅವನೂ ನಗಲು ನೋಡಿದ; ಮುಖದ ಅರ್ಧ ಮಾತ್ರ ನಕ್ಕಂತಿತ್ತು. ಅದು ಈಗ ಕಾಣುತ್ತದೆ. ಆಗ ಅವಳು ಗಡಿಯಾರ ನೋಡುತ್ತಿದ್ದಳು. ಅವನು ಬಾಗಿಲು ತೆರೆದು ಇಳಿಯಹೊರಟಾಗ, "ಸಂಜೆ ನೋಡು, ಕಂಬ ಎಲ್ಲಿಗೂ ಓಡಿಹೋಗಲ್ಲ. ನಡಿ ನಡಿ, ನಂಗೆ ಹೊತ್ತಾಯ್ತು" ಎಂದಳು. ಅವನು ವಿಧೇಯನಾಗಿ ಹೊರಟ. ಎಂದೂ ತಪ್ಪದ ತಿರುವನ್ನು ದಾಟಿ ಮುಂದೆ ಹೋಗಿ, ಸುತ್ತಿ ಬಂದ. ಅಂಗಡಿಯ ಮುಂದೆ ಇಳಿಯುವಾಗ "ಏಳಕ್ಕೆ ಬರ್ತೀನಿ ಮೋಟು" ಎನ್ನಲಿಲ್ಲ. ಅವಳೂ ತಿರುಗಿ ನೋಡಲಿಲ್ಲ. ಕಾರು ಸಿಕ್ಕಿದ್ದು ಎರಡು ಗಂಟೆ ಕಳೆದ ಮೇಲೆ, ಒಂದು ಬಸ್ ನಿಲ್ದಾಣದ ಕಂಬಕ್ಕೆ ಮೆಲ್ಲಗೆ ಒರಗಿ, ಎಂಜಿನ್ನು ಆರದೆ, ಬಲಕ್ಕೆ ತಿರುಗುವ ದೀಪ ಮಿಣುಕುತ್ತ ನಿಂತಿತ್ತಂತೆ. ಒಳಗಿದ್ದವನು ನಿದ್ದೆ ಹೋಗಿದ್ದಾನೆ ಎಂದುಕೊಂಡು ಬಸ್ಸಿಗೆ ನಿಂತವರು ಯಾರೂ ಎಬ್ಬಿಸಲು ಹೋಗಲಿಲ್ಲವಂತೆ. ಕಾರಿನ ಗೀರುಗಳೆಲ್ಲ ಆ ಕಂಬದ ಲೆಕ್ಕಕ್ಕೆ ಹೋದವು.

ಆಸ್ಪತ್ರೆಯ ವೆರಾಂಡದಲ್ಲಿ ಡಾಕ್ಟರು ಕೇಳಿದ್ದರು: "ಬೆಳಗ್ಗೆ ಮನೆ ಬಿಡುವಾಗ ಏನಾದ್ರೂ ವ್ಯತ್ಯಾಸ ಇತ್ತಾ? ಮಾತಲ್ಲಿ, ಕೈಯಲ್ಲಿ? ಸ್ಟ್ರೋಕ್ ಶುರುವಾಗಿದ್ದು ಎಷ್ಟು ಹೊತ್ತಿಗೆ ಅಂತ ಗೊತ್ತಾಗಬೇಕು, ಯಾವ ಔಷಧಿ ಕೊಡಬಹುದು ಅನ್ನೋದು ಅದರ ಮೇಲಿದೆ." ಅತ್ತಿಗೆ ಅವಳ ಮುಖ ನೋಡಿದ್ದಳು. ಜೊತೆಗೆ ಕಾರಿನಲ್ಲಿ ಹೋದವಳು ಅವಳಲ್ಲವೇ? "ಏನೂ ಇರಲಿಲ್ಲ" ಎಂದಿದ್ದಳು ಅವಳು. ಎರಡು ಶಬ್ದ. ಎಷ್ಟು ಸಲೀಸಾಗಿ ಬಂದುಬಿಟ್ಟವು.

ಅದಕ್ಕೇ ಅವಳ ಅವಸ್ಥೆ ಬೇರೆಯವರಿಗೆ ಹೇಳಿಕೊಳ್ಳುವಂಥದಲ್ಲ. ಅಣ್ಣನಿಗೆ ಮಾತು ಬರಲಿ ಎಂದು ಅತ್ತಿಗೆ ಕಾಯುತ್ತಿದ್ದಳು, ಮಾತು ಕಲಿಸುವ ಡಾಕ್ಟರಮ್ಮ ಕಾಯುತ್ತಿದ್ದರು, ಅವಳೂ ಕಾಯುತ್ತಿದ್ದಳು. ಆದರೆ ಅವಳು, ಬಂದರೆ ಮೊದಲ ಮಾತು ಯಾವುದಿರಬಹುದು ಎಂದೂ ಕಾಯುತ್ತಿದ್ದಳು. ಆ ಬೆಳಗ್ಗೆ ಕಾರಿನೊಳಗೆ ಆದದ್ದು ಗೊತ್ತಿರುವುದು ಇಬ್ಬರಿಗೆ. ಅವರಲ್ಲಿ ಒಬ್ಬನಿಗೆ ಬಾಯಿಲ್ಲ. ಡಾಕ್ಟರಮ್ಮ ಚಿತ್ರದ ಚೀಟಿ ಹಿಡಿದು "ಇದೇನು?" ಎಂದಾಗ ಅಣ್ಣ ತುಟಿ ಕೂಡಿಸಿ ಹೆಣಗುವುದನ್ನು ನೋಡುತ್ತ, ಬರಲಿ ದೇವರೇ ಎಂದು ಅರ್ಧ ಮನಸ್ಸು, ಇವತ್ತು ಬೇಡ ಎಂದು ಉಳಿದ ಅರ್ಧ. ಕಾರು ಮಾರಿಬಿಡೋಣ ಎಂದು ಅತ್ತಿಗೆ ಅಂದಾಗ, "ಬೇಡ, ನಾನು ಕಲೀತೀನಿ, ಅಣ್ಣನ್ನ ನಾನೇ ಕರ್ಕೊಂಡು ಹೋಗ್ತೀನಿ" ಎಂದದ್ದು ಎಲ್ಲರಿಗೂ ದೊಡ್ಡ ಗುಣವಾಗಿ ಕಂಡಿತ್ತು. ಪಕ್ಕದ ಮನೆಯವರಂತೂ, "ಒಡಹುಟ್ಟಿದವಳು ಅಂದ್ರೆ ಹೀಗಿರಬೇಕು" ಎಂದರು. ಅವನ ಬಾಯಿಂದ ಮಾತು ಬೀಳುವ ಹೊತ್ತಿಗೆ ಹತ್ತಿರದಲ್ಲಿ ತಾನೇ ಇರಬೇಕು, ಬೇರೆಯವರ ಕಿವಿಗಿಂತ ಮೊದಲು ತನ್ನ ಕಿವಿಗೆ ಬೀಳಬೇಕು ಎಂಬ ಲೆಕ್ಕ ಅದರೊಳಗೆ ಇದ್ದದ್ದು ಅವಳೊಬ್ಬಳಿಗೇ ಗೊತ್ತು.

ಕ್ಲಾಸು ಮುಗಿಸಿ ಹೋದಾಗ ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ. ಹಿಂದಿನ ಕತ್ತಲೆ ಕೋಣೆ ಅವಳದು. ಗೋಡೆಯಲ್ಲಿ ದೀಪ ಹೊತ್ತಿದ ಅಕ್ಷರದ ಪಟ್ಟಿ, ಒಂದು ಎತ್ತರದ ಕುರ್ಚಿ, ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿದ ದುಂಡು ಗಾಜುಗಳು. ಇಪ್ಪತ್ತೆರಡು ವರ್ಷ ಅವಳು ಜನರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಗಾಜು ಹಾಕಿ, ಗಾಜು ತೆಗೆದು, "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿದೆಯಾ?" ಎಂದು ಕೇಳುತ್ತ ಬಂದಿದ್ದಾಳೆ. ಉತ್ತರ ಹೇಳುವಾಗ ಎಂಥ ದೊಡ್ಡ ಮನುಷ್ಯನೂ ಶಾಲೆಯ ಹುಡುಗನಾಗುತ್ತಾನೆ. ತಪ್ಪು ಹೇಳಿಬಿಟ್ಟೆನೇನೋ ಎಂದು ಅವಳ ಮುಖ ನೋಡುತ್ತಾನೆ. ಮಧ್ಯಾಹ್ನ ಬಂದ ಮುದುಕನೊಬ್ಬ ಸಾಲಿನ ಬಲತುದಿಯ ಎರಡೆರಡು ಅಕ್ಷರ ಬಿಟ್ಟು ಓದಿದ. ಅವಳ ಕೈಯಲ್ಲಿದ್ದ ಗಾಜು ಅಲ್ಲೇ ನಿಂತಿತು. "ನನ್ನ ಮೂಗು ನೋಡ್ತಾ ಇರಿ ಅಜ್ಜ. ಪಕ್ಕದಿಂದ ಬೆರಳು ತರ್ತೀನಿ, ಕಂಡ ತಕ್ಷಣ ಹೇಳಿ" ಎಂದು ಬಲಗಡೆಯಿಂದ ಬೆರಳು ಆಡಿಸುತ್ತ ತಂದಳು.

"ಕಾಣ್ತಮ್ಮ. ಆಗಲೇ ಕಾಣ್ತು. ಅಕ್ಷರ ಬಿಟ್ಟಿದ್ದು ಬೇಜಾರಿಗೆ. ಎಷ್ಟು ಅಂತ ಓದೋದು, ಒಂದರಲ್ಲೂ ಅರ್ಥ ಇಲ್ಲ."

ಅವಳು ನಕ್ಕಳು. ಗಾಜನ್ನು ಚೌಕಟ್ಟಿಗೆ ಹಾಕಿದಳು. ಅಷ್ಟೇ, ಒಂದು ಬೆರಳು. ಆವತ್ತು ಕಾರಿನಲ್ಲಿ ಕೂತು ಒಂದು ಬೆರಳು ಆಡಿಸಿದ್ದರೆ ಅಣ್ಣನಿಗೆ ಬಲಗಡೆ ಕಾಣುತ್ತಿಲ್ಲವೆಂದು ತಿಳಿಯುತ್ತಿತ್ತು. ದಿನಕ್ಕೆ ಹತ್ತು ಜನ ಅಪರಿಚಿತರ ಕಣ್ಣಿನ ಮುಂದೆ ಆಡಿಸಿದ ಬೆರಳು ಅದು. ಮನೆಯವರ ಕಣ್ಣನ್ನು ಯಾರು ನೋಡುತ್ತಾರೆ? ಈ ಕೋಣೆಯ ಹೊರಗೆ, ಕೌಂಟರಿನ ಹತ್ತಿರ ನಿಂತು, ಆವತ್ತು ಹನ್ನೊಂದು ಗಂಟೆಗೆ ಅವಳು ಜೊತೆಯ ಇಬ್ಬರು ಹೆಂಗಸರಿಗೆ ಛತ್ರಿಯ ಕತೆ ಹೇಳುತ್ತಿದ್ದಳು. ಅಣ್ಣನ ದನಿ ಅನುಕರಿಸಿ, ಕೈ ಚಾಚಿ, "ಆ ಛತ್ರಿ ಕೊಡು." ಇಬ್ಬರೂ ಬಿದ್ದುಬಿದ್ದು ನಕ್ಕಿದ್ದರು. ಯಜಮಾನರೂ ಕನ್ನಡಕ ಏರಿಸಿ ಮುಗುಳ್ನಕ್ಕಿದ್ದರು. ಆಗಲೇ ಫೋನು ಬಂದದ್ದು. ಆಮೇಲೆ ಆ ಇಬ್ಬರೂ ಅದರ ಮಾತು ಎತ್ತಲಿಲ್ಲ; ಮರೆತರೋ, ಮರೆಯಲಿಲ್ಲವೋ. ಒಟ್ಟಿಗೆ ಕೂತು ಊಟದ ಡಬ್ಬಿ ಬಿಚ್ಚುವಾಗ ಅವರು ತಂತಮ್ಮಲ್ಲಿ ನಕ್ಕರೆ ಅವಳ ಕೈಯಲ್ಲಿನ ತುತ್ತು ಅಲ್ಲೇ ನಿಲ್ಲುತ್ತದೆ. ಈಗ ಅವಳು ಡಬ್ಬಿಯಲ್ಲಿದ್ದದ್ದನ್ನು ಕತ್ತಲೆ ಕೋಣೆಯಲ್ಲೇ, ಅಕ್ಷರದ ಪಟ್ಟಿಯ ಬೆಳಕಿನಲ್ಲಿ ತಿನ್ನುತ್ತಾಳೆ. ಯಾರೂ ಯಾಕೆ ಎಂದು ಕೇಳಿಲ್ಲ.

ಯಜಮಾನರಿಗೆ ಹೇಳಿ ಬೇಗ ಹೊರಟು ನಾಲ್ಕೂವರೆಗೆ ಮನೆಗೆ ಬಂದಾಗ ಅತ್ತಿಗೆಯ ಹೊಲಿಗೆ ಯಂತ್ರ ಓಡುತ್ತಿತ್ತು. ಶಾಲೆಯ ಸಮವಸ್ತ್ರಗಳು, ಎಲ್ಲ ಒಂದೇ ಬೂದು ಬಣ್ಣ, ನಡುಮನೆಯ ತುಂಬ ಮಡಿಕೆ ಮಡಿಕೆಯಾಗಿ ಬಿದ್ದಿದ್ದವು. ಅಣ್ಣ ಆಗಲೇ ಬೂಟು ಹಾಕಿಕೊಂಡು ಸಿದ್ಧನಾಗಿ ಕೂತಿದ್ದ. ತಲೆ ಬಾಚಿ, ಷರಟಿನ ತೋಳು ಇಸ್ತ್ರಿ ಮಾಡಿ ಅತ್ತಿಗೆ ಅವನನ್ನು ಹೆಣ್ಣು ನೋಡಲು ಹೊರಟ ಗಂಡಿನ ಹಾಗೆ ಮಾಡಿದ್ದಳು. ಬಲಗೈ ತೊಡೆಯ ಮೇಲೆ, ಯಾರೋ ಇಟ್ಟುಹೋದ ವಸ್ತುವಿನಂತೆ. ಆ ಕೈಯನ್ನು ಎಡಗೈಯಿಂದ ಎತ್ತಿ ಬೇಕಾದಲ್ಲಿ ಇಟ್ಟುಕೊಳ್ಳುವುದನ್ನು ವ್ಯಾಯಾಮದವರು ಕಲಿಸಿದ್ದರು. ದಿನಕ್ಕೆ ಐವತ್ತು ಸಲ ಎತ್ತಬೇಕು, ಇಡಬೇಕು. ಇಬ್ಬರೂ ಸೇರಿ ಅವನನ್ನು ಕಾರಿನ ಎಡಗಡೆಯ ಸೀಟಿಗೆ ಕೂರಿಸಿದರು. ಇಪ್ಪತ್ತೆರಡು ವರ್ಷ ಅವಳು ಕೂತ ಸೀಟು. ಬೆಲ್ಟು ಹಾಕುವಾಗ ಅವನು ಅವಳ ಕಂಕುಳಲ್ಲಿದ್ದ ದಿಂಬು ನೋಡಿ ಮುಖದ ಅರ್ಧದಲ್ಲಿ ನಕ್ಕ.

"ನಗು, ನಗು. ಕಾಲು ಎಟುಕುತ್ತೆ ಈಗ" ಎಂದಳು.

"ಅದೇ" ಎಂದ ಅಣ್ಣ.

"ಡೆಲಿವರಿ ಇದೆ, ನಾನು ಬರಲ್ಲ" ಎಂದು ಅತ್ತಿಗೆ ಹೇಳಿ, ಸೆರಗಿಗೆ ಅಂಟಿದ ದಾರ ಕೊಡವುತ್ತ, ಗೇಟು ತೆಗೆಯಲು ಹೋದಳು. ಅವಳು ಸೀಟು ಮುಂದೆ ಎಳೆದಳು, ಕನ್ನಡಿ ಸರಿಮಾಡಿದಳು, ಮತ್ತೆ ಎಳೆದಳು. ತುಳಿಯುವ ಮುಂಚೆ ಅಣ್ಣನ ಕಾಲಬುಡ ನೋಡಿದಳು. ಅಲ್ಲಿ ರಬ್ಬರಿನ ಚಾಪೆ, ಅದರ ಮೇಲೆ ಅವನ ಎರಡು ಬೂಟು, ಮತ್ತೇನೂ ಇರಲಿಲ್ಲ.

ಕಾರು ತೆವಳಿತು. ಮುಂದೆ ಗೇಟು, ಎರಡು ಕಂಬ. ಕಾಂಪೌಂಡಿಗೆಲ್ಲ ಎರಡು ತಿಂಗಳ ಹಿಂದೆ ಅತ್ತಿಗೆ ಬಿಳಿ ಬಣ್ಣ ಹೊಡೆಸಿದ್ದಳು. ಬಲಗಡೆಯ ಕಂಬ ಒಂದು ಮಾತ್ರ ಹಳೆಯ ಬಣ್ಣದಲ್ಲೇ ಉಳಿದಿತ್ತು. ಬಣ್ಣ ಸಾಲದೆ ಹೋಯಿತು ಎಂದಿದ್ದಳು. ಅದರ ಮೇಲೆ ಸೊಂಟದೆತ್ತರಕ್ಕೆ, ಒಂದು ಮೊಳದಷ್ಟು ಉದ್ದ, ಕಾರಿನ ನೀಲಿ. ದಿನಾ ಬೆಳಗ್ಗೆ ದಿಂಬು ಹಿಡಿದು ಹೊರಗೆ ಹೋಗುವಾಗ ಅವಳು ಆ ಕಂಬಕ್ಕೆ ಬೆನ್ನು ಬರುವ ಹಾಗೆ ಹೋಗುತ್ತಿದ್ದಳು. ಈಗ ಅದು ಕಿಟಕಿಯ ಪಕ್ಕಕ್ಕೇ ಬರುತ್ತಿತ್ತು. ಅದರಿಂದ ದೂರ ಸರಿಯಲೆಂದು ಅವಳು ಎಡಕ್ಕೆ ತಿರುಗಿಸಿದಳು; ಎಡಗಡೆಯ ಕಂಬ ಅಣ್ಣನ ಮೊಣಕೈಗೆ ಬಂತು. ಬಲಕ್ಕೆ ತಿರುಗಿಸಿದಳು. ಅಣ್ಣ ಮಿಸುಕಾಡಿದ. ಎಡಗೈ ಎತ್ತಿ, ಅವಳ ಎದೆಯ ಮುಂದಿನಿಂದ ಹಾಯಿಸಿ, ಬಲಗಡೆಯ ಕಂಬಕ್ಕೆ ಬೆರಳು ಚಾಚಿದ. "ಅದೇ" ಎಂದ. ಮತ್ತೆ, ಈ ಸಲ ಗಟ್ಟಿಯಾಗಿ, "ಅದೇ, ಅದೇ." ಹಣೆಯ ನರ ಉಬ್ಬಿತ್ತು. ತುಟಿಗಳು ಬೇರೊಂದು ಶಬ್ದಕ್ಕಾಗಿ ಕೂಡುತ್ತಿದ್ದವು, ಬಿಡುತ್ತಿದ್ದವು.

ಅವಳು ಬ್ರೇಕು ತುಳಿದಳು. ಕಾರು ನಿಂತಿತು. ಅರ್ಧ ಒಳಗೆ, ಅರ್ಧ ಹೊರಗೆ, ಎಂಜಿನ್ನು ಗುರುಗುಟ್ಟುತ್ತ. ಗೇಟು ಹಿಡಿದು ನಿಂತಿದ್ದ ಅತ್ತಿಗೆ ಬಲಗಡೆಯ ಕಂಬದ ಪಕ್ಕದಲ್ಲೇ ಇದ್ದಳು. "ಏನಾಯ್ತು?" ಎಂದಳು. ನಿಲ್ಲಿಸಲು ಬೇರೆ ಯಾರ ಕಾಲೂ ಇರಲಿಲ್ಲ. ಹೇಳಲು ಬೇರೆ ಯಾರ ಬಾಯೂ ಇರಲಿಲ್ಲ. ಇದ್ದ ಇನ್ನೊಂದು ಬಾಯಿ ತನ್ನ ಪಕ್ಕದಲ್ಲಿ ಹೆಣಗುತ್ತಿತ್ತು, ಅದಕ್ಕೆ ಈ ಕೆಲಸ ಹೊರಿಸಿ ತಾನು ಎಂಟು ತಿಂಗಳು ಕೂತಿದ್ದೆ ಎಂದು ಅವಳಿಗೆ ಅನಿಸಿತು.

"ಅತ್ತಿಗೆ, ಇದು ಆವತ್ತು ಬೆಳಗ್ಗೆ ಉಜ್ಜಿದ್ದು. ಬಸ್ ಸ್ಟಾಪಲ್ಲಿ ಅಲ್ಲ. ಅಣ್ಣನಿಗೆ ಆಗಲೇ ಶುರುವಾಗಿತ್ತು. ಮಾತು ತಪ್ಪಿತ್ತು. ಇಳಿದು ನೋಡ್ತೀನಿ ಅಂತ ಹೊರಟ. ನಂಗೆ ಹೊತ್ತಾಯ್ತು ಅಂತ ನಾನೇ ಹೊರಡಿಸಿದೆ. ಡಾಕ್ಟರು ಕೇಳಿದಾಗ ಏನೂ ಇರಲಿಲ್ಲ ಅಂದೆ."

ಇಷ್ಟು ಹೇಳುವಾಗ ಅವಳು ನೋಡುತ್ತಿದ್ದದ್ದು ಸ್ಟೀರಿಂಗಿನ ನಡುವಿನ ಹಾರ್ನಿನ ಗುರುತನ್ನು. ಗೇಟಿನ ಚಿಲಕ ಒಂದು ಸಲ ಕಿರುಗುಟ್ಟಿತು. ಅವಳು ಕಣ್ಣೆತ್ತಿದಾಗ ಅತ್ತಿಗೆ ಹೆಬ್ಬೆರಳಿನಿಂದ ಆ ನೀಲಿ ಗೀರನ್ನು, ಬಟ್ಟೆಯ ಮೇಲಿನ ಸುಕ್ಕು ತಿದ್ದುವವಳ ಹಾಗೆ, ಉದ್ದಕ್ಕೂ ಸವರುತ್ತಿದ್ದಳು.

"ಇದನ್ನ ನಾನು ಆವತ್ತು ಆಸ್ಪತ್ರೆಯಿಂದ ಬಟ್ಟೆ ತಗೊಂಡು ಹೋಗೋಕೆ ಬಂದಾಗಲೇ ನೋಡಿದೆ" ಎಂದಳು ಅತ್ತಿಗೆ. "ಬಣ್ಣದವನು ಹೊಡೀತೀನಿ ಅಂದ. ನಾನೇ ಬೇಡ ಅಂದೆ. ಇದೊಂದು ಇರಲಿ, ಇದನ್ನ ನೋಡಿ ನೋಡಿ ಒಂದಿನ ನೀನೇ ಹೇಳ್ತೀಯ ಅಂತ."

"ಅತ್ತಿಗೆ..."

"ಆವತ್ತು ಉಜ್ಜಿದ್ದು ಗೊತ್ತಿತ್ತು. ಮಾತು ತಪ್ಪಿದ್ದು ಗೊತ್ತಿರಲಿಲ್ಲ." ಅತ್ತಿಗೆಯ ದನಿ ಏರಲಿಲ್ಲ; ಏರಿದ್ದರೆ ಚೆನ್ನಾಗಿತ್ತು. ಅವಳು ಬಗ್ಗಿ ಕಿಟಕಿಯೊಳಗೆ ನೋಡಿದಳು, ತನ್ನ ಗಂಡನನ್ನು, ಚಾಚಿದಂತೆಯೇ ಇದ್ದ ಅವನ ಬೆರಳನ್ನು. ಆ ಬೆರಳನ್ನು ಮೆಲ್ಲಗೆ ಮಡಿಸಿ ಅವನ ಕಡೆಗೆ ತಳ್ಳಿದಳು. "ಐದಕ್ಕೆ ಅಲ್ಲಿರಬೇಕು, ಹೊತ್ತಾಯ್ತು. ಹೋಗಿ ಬಾ. ಬಂದ ಮೇಲೆ ಕೂತ್ಕೊಂಡು ಎಲ್ಲ ಹೇಳು. ಒಂದೂ ಬಿಡದ ಹಾಗೆ ಹೇಳು. ನಂಗೂ ಅವರ ಕಡೇ ಮಾತು ಏನಿತ್ತು ಅಂತ ಗೊತ್ತಾಗಬೇಡ್ವಾ?"

ಛತ್ರಿ ಎಂದು ಹೇಳಬೇಕಾಗುತ್ತದೆ. ಛತ್ರಿ ಎಂದದ್ದಕ್ಕೆ ತಾನು ನಕ್ಕದ್ದನ್ನೂ ಹೇಳಬೇಕಾಗುತ್ತದೆ. ಅತ್ತಿಗೆ ಹಿಂದೆ ಸರಿದು, ಟ್ರಾಫಿಕ್ಕಿನವರ ಹಾಗೆ ಕೈ ಬೀಸಿದಳು. "ಬಾ, ಬಾ. ಬಲಗಡೆ ಜಾಗ ಇದೆ. ಇನ್ನೂ ಇದೆ. ಬಾ." ಕಂಬ ಕಿಟಕಿಯ ಪಕ್ಕದಲ್ಲಿ ಒಂದು ಗೇಣು ಬಿಟ್ಟು ಹಾದುಹೋಯಿತು. ಕನ್ನಡಿಯಲ್ಲಿ ಗೇಟು ಮುಚ್ಚಿಕೊಂಡಿತು. ಅತ್ತಿಗೆ ಒಳಗೆ ಹೋದದ್ದು ಕಂಡಿತು. ಹೊಲಿಗೆ ಯಂತ್ರದ ಸದ್ದು ಕೇಳುತ್ತದೇನೋ ಎಂದು ಅವಳು ಕಿವಿಗೊಟ್ಟಳು. ಕೇಳಲಿಲ್ಲ.

ಬೀದಿ ಖಾಲಿಯಿತ್ತು. ಅವಳು ಬೆಳಗ್ಗೆ ದಿಂಬು ಹಿಡಿದು ನಿಲ್ಲುವ ಜಾಗವನ್ನೂ ದಾಟಿದರು. ಕಣ್ಣು ಮಂಜಾಗಿತ್ತು, ಒರೆಸಿಕೊಳ್ಳಲು ಕೈ ತೆಗೆದರೆ ಸ್ಟೀರಿಂಗು ಏನಾದೀತೋ ಎಂದು ಹಾಗೇ ಬಿಟ್ಟಳು. ಎಡಗೈ ಗೇರಿನ ಗುಂಡಿಯ ಮೇಲೆ ಇತ್ತು, ಆದರೆ ಅದಕ್ಕೆ ಏನೂ ನೆನಪಾಗುತ್ತಿರಲಿಲ್ಲ. ಮೊದಲನೇ ಗೇರಿನಲ್ಲೇ ಎಂಜಿನ್ನು ಏರುತ್ತ, ಗೋಳಿಡುತ್ತ, ಇಡೀ ಕಾರು ನಡುಗತೊಡಗಿತು. ಪಕ್ಕದಲ್ಲಿ ಅಣ್ಣ ಚಡಪಡಿಸಿದ. ಮೂವತ್ತು ವರ್ಷ ಓಡಿಸಿದವನಿಗೆ ಆ ಸದ್ದು ಹೇಗೆ ಸಹ್ಯವಾದೀತು? ಅವನು ಎಡಗೈಯಿಂದ ತನ್ನ ಬಲಗೈಯನ್ನು ತೊಡೆಯಿಂದ ಎತ್ತಿದ, ವ್ಯಾಯಾಮದವರು ಹೇಳಿಕೊಟ್ಟ ಹಾಗೆ, ಮಣಿಕಟ್ಟಿಗೆ ಬೆರಳು ಸುತ್ತಿ. ಎತ್ತಿ ಗೇರಿನ ಮೇಲಿದ್ದ ಅವಳ ಕೈಯ ಮೇಲೆ ಇಟ್ಟ. ತಣ್ಣಗಿತ್ತು. ಒಂದು ಕೈಗೆ ಇಷ್ಟು ಭಾರ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಆ ಕೈಗೆ ಹಿಡಿಯುವ ಶಕ್ತಿಯಿಲ್ಲ, ತಳ್ಳುವ ಶಕ್ತಿಯಿಲ್ಲ. ಅದು ಏನನ್ನೂ ಮನ್ನಿಸುವಂತೆ ಇರಲಿಲ್ಲ, ದೂರುವಂತೆಯೂ ಇರಲಿಲ್ಲ. ಸುಮ್ಮನೆ ಮೇಲೆ ಇತ್ತು.

"ಅದೇ" ಎಂದ ಅಣ್ಣ, ರಸ್ತೆ ನೋಡುತ್ತ.

ಅವಳು ಕ್ಲಚ್ಚು ತುಳಿದಳು. ದಿಂಬು ಬೆನ್ನಿಗೆ ಒತ್ತಿತು, ಕಾಲು ತಳ ಮುಟ್ಟಿತು. ಎರಡು ಕೈಗಳ ಭಾರವನ್ನೂ ಹೊತ್ತ ಗೇರು ಒಂದು ಕ್ಷಣ ಮೊಂಡು ಹಿಡಿದು, ಆಮೇಲೆ ಹಿಂದಕ್ಕೆ ಜಾರಿ ಎರಡನೆಯದಕ್ಕೆ ಬಿತ್ತು. ಎಂಜಿನ್ನಿನ ಗೋಳು ನಿಂತಿತು. ಮುಂದೆ ತಿರುವು ಬರುತ್ತಿತ್ತು. ಅವಳು ಬಲಗಡೆ ನೋಡಿದಳು.